ಷರಾ

ಜುಲೈ. ಶಾರ್ಜಾ. ಹದಿನೇಳನೆಯ ಗೋದಾಮು.
ಶಟರ್ ಎತ್ತಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ
ಮುಖಕ್ಕೆ ಹಬೆ.
ಮಸ್ಕತ್ತಿನಿಂದ ರಸ್ತೆ ಹಿಡಿದು ಬಂದ ಪೆಟ್ಟಿಗೆ,
ಮೂರು ದಿನ ಗಡಿಯಲ್ಲಿ ಕಾದದ್ದು.
ಲೋಹಿತಾಕ್ಷ ಸ್ಕ್ರೂ ಬಿಚ್ಚುತ್ತಾನೆ, ಬಿಚ್ಚಿದ್ದನ್ನೆಲ್ಲ
ಬಾಯಲ್ಲಿ ಕಚ್ಚಿಕೊಂಡೇ ಕೇಳುತ್ತಾನೆ: ಒಳಗೆ ಎಂತ ಸಾರ್?
ಕಾಗದ ನೋಡಿ ಹೇಳುತ್ತೇನೆ: ಕಲೆ.

ಇಬ್ಬರೂ ಹಿಡಿದು ಗೋಡೆಗೆ ಒರಗಿಸಿದೆವು.
ಒಂಬತ್ತಡಿ ಬಟ್ಟೆ. ಒಣಗಿದ ಕೆಸರಿನ ಬಣ್ಣ,
ಅದರ ಮೇಲೆ ಅದೇ ಬಣ್ಣ, ಮತ್ತೆ ಅದರ ಮೇಲೆ
ಅದೇ ಎನ್ನಬಹುದಾದ, ಅದಲ್ಲದ ಇನ್ನೊಂದು.
ಎಡಗಡೆ ಕೆಳಗೆ, ಅಂಗೈಯಗಲ, ನೀಲಿ.
ಹೆಸರು: 'ಹೆಸರಿಲ್ಲ, ನಾಲ್ಕು'.
ಮೊದಲ ಮೂರಕ್ಕೂ ಹೆಸರಿಲ್ಲದಿದ್ದರೆ
ಇದು ನಾಲ್ಕನೆಯದೆಂದು ಎಣಿಸಿದ್ದು ಹೇಗೋ.

ಸುಂಕದ ಖಲ್ಫಾನ್ ಬಂದ, ಬಿಳಿ ಕಂದೂರದ ಅಂಚು
ಧೂಳಿಗೆ ತಾಗದಂತೆ ಎತ್ತಿ ಹಿಡಿದು.
ಏನಿದು?
ಚಿತ್ರ.
ಯಾವುದರ?
ಕಲೆಯಾದರೆ ಒಂದು ಸುಂಕ, ಬಣ್ಣ ಬಳಿದ ಬಟ್ಟೆಯಾದರೆ ಇನ್ನೊಂದು;
ಆ ಒಂದು ಚೌಕ ಖಾಲಿ ಬಿಟ್ಟರೆ
ಕಂಪ್ಯೂಟರು ಮುಂದಿನ ಪುಟ ತೆರೆಯುವುದಿಲ್ಲ.
ಹನ್ನೊಂದು ವರ್ಷದಲ್ಲಿ ಅಲ್ಲಿ ನಾನು
ಕುದುರೆ ಬರೆದಿದ್ದೇನೆ, ಮಸೀದಿ ಬರೆದಿದ್ದೇನೆ,
ಹಣ್ಣಿನ ತಟ್ಟೆ, ಗಡ್ಡದ ಮುದುಕ, ಸಮುದ್ರ.
ಸಮುದ್ರ ಅಂತ ಹಾಕಿಬಿಡಲೇ?
ಸಮುದ್ರ ನನಗೆ ಗೊತ್ತು, ಎಂದ ಖಲ್ಫಾನ್. ಇದಲ್ಲ.
ಅಷ್ಟು ಹೇಳಿ ಹೊರಡಬೇಕಿತ್ತು, ನಿಂತೇ ಇದ್ದ.
ಕಂದೂರದ ಅಂಚು ಯಾವಾಗಲೋ ಕೈಜಾರಿ
ಧೂಳಲ್ಲಿ ಬಿದ್ದಿತ್ತು.

ಲೋಹಿತಾಕ್ಷ ಎದುರು ನೋಡಲೇ ಇಲ್ಲ.
ಗೋಡೆಗೂ ಅದಕ್ಕೂ ನಡುವಿನ ಸಂದಿಗೆ ನುಸುಳಿ
ಚೌಕಟ್ಟಿನ ಮೂಲೆ ಮುಟ್ಟಿದ, ಮೊಳೆಸಾಲಿನ ಮೇಲೆ ಬೆರಳೆಳೆದ.
ಅವನ ಅಮ್ಮ ಸೀರೆ ಕೊಳ್ಳುವಾಗ
ಮೊದಲು ಒಳಮೈ ತಿರುಗಿಸುತ್ತಿದ್ದಳಂತೆ.
ಹಿಂದೆ ಸುಳ್ಳಿಲ್ಲ ಸಾರ್. ಎದುರಿನದ್ದು ನಿಮ್ಮ ಕೆಲಸ.

ನನ್ನ ಕೆಲಸ ಎಂದರೆ ಆ ನೀಲಿ.
ಅವಳೇ ಹಚ್ಚಿದ್ದೋ, ದಾರಿಯಲ್ಲಿ
ಟಾರ್ಪಾಲು ಬೆವತು ಇಳಿದದ್ದೋ?
ವಿಮೆಯ ಫಾರಂ ಇಂಗ್ಲಿಷಿನದು; ಅಲ್ಲಿ ಎರಡು ಕಾಲಂ, ಎರಡು ಶಬ್ದ.
ನನ್ನ ಬಾಯಲ್ಲಿ ಎರಡಕ್ಕೂ ಒಂದೇ.
ಕಲೆಯ ಮೇಲೆ ಕಲೆ ಉಂಟೋ ಮಾರಾಯ, ಎಂದೆ.
ಲೋಹಿತಾಕ್ಷ ನಕ್ಕ. ಬಾಯಿಂದ ಒಂದು ಸ್ಕ್ರೂ ಬಿತ್ತು.

ಮಸ್ಕತ್ತಿಗೆ ಫೋನು. ಝುವೈನಾ ಎಂಬವಳು ಎತ್ತಿದಳು,
ಹಿಂದೆ ಮಿಕ್ಸಿ ತಿರುಗುವ ಸದ್ದು.
ಎಡಗಡೆ ಕೆಳಗೆ ನೀಲಿ ಇದೆ ಮೇಡಂ, ನಿಮ್ಮದೇ?
ಮಿಕ್ಸಿ ನಿಂತಿತು.
ಎಷ್ಟು ನೀಲಿ?
ಅಳತೆ ಕೇಳಿದ್ದರೆ ಕೊಡುತ್ತಿದ್ದೆ.
ಶಾಲೆಯಲ್ಲಿ ಪೆನ್ನು ಸೋರಿ ಕಿಸೆಗಿಳಿದದ್ದು,
ಏಳು ಸಲ ಒಗೆದ ಮೇಲೂ ಉಳಿದಷ್ಟು, ಎಂದೆ,
ನನ್ನ ಮುರುಕು ಹಿಂದಿಯಲ್ಲಿ.
ಬಹಳ ಹೊತ್ತಿನ ಮೇಲೆ ಕೇಳಿದಳು:
ಚೆನ್ನಾಗಿದೆಯೇ?

ತೂಕ ಕೇಳಿದ್ದಾರೆ ಜನ. ಉದ್ದಗಲ ಕೇಳಿದ್ದಾರೆ,
ಯಾವಾಗ ತಲುಪುತ್ತದೆ ಎಂದು ಬೈದು ಕೇಳಿದ್ದಾರೆ.
ಇದನ್ನು ಕೇಳಿದವರಿಲ್ಲ.
ಮುಟ್ಟದೆ, ಗೇಣು ದೂರದಲ್ಲಿ ಅಂಗೈ ಅಡ್ಡ ಹಿಡಿದು
ಆ ನೀಲಿಯನ್ನು ಮರೆಮಾಡಿ ನೋಡಿದೆ.
ಉಳಿದ ಒಂಬತ್ತಡಿಗೆ ಒಮ್ಮೆಲೇ ವಯಸ್ಸಾಯಿತು.
ಕೈ ತೆಗೆದೆ.
ಇರಲಿ, ಎಂದೆ.
ಇರಲಿ, ಎಂದಳು ಅವಳೂ.
ನನ್ನದೇ ಎಂದು ಮಾತ್ರ ಹೇಳಲಿಲ್ಲ.

ಹಾನಿ: ಇಲ್ಲ.
ಯಾವುದರ ಚಿತ್ರ: ಒಗೆದ ಮೇಲೆ ಉಳಿದದ್ದು.
ಕಂಪ್ಯೂಟರು ವಾದಿಸಲಿಲ್ಲ, ಪುಟ ತೆರೆಯಿತು.
ಷರಾ ಕಾಲಂ ಹಾಗೇ ಬಿಟ್ಟೆ. ಖಲ್ಫಾನ್ ಮೊಹರು ಒತ್ತಿದ,
ಸ್ವಲ್ಪ ಸೊಟ್ಟಗೆ.

ಹೊರಗೆ ವ್ಯಾನಿನ ಹತ್ತಿರ
ಲೋಹಿತಾಕ್ಷ ನನ್ನ ಬೆನ್ನ ಹಿಂದೆ ನಿಂತುಬಿಟ್ಟ.
ಬೆವರು ಒಣಗಿ ಅಂಗಿಯ ಮೇಲೆ ಉಪ್ಪಿನ ಗೆರೆ ಬಿದ್ದಿತ್ತಂತೆ.
ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ ನೋಡಿ,
ಎಡಗಡೆ ಸ್ವಲ್ಪ ಭಾರ ಆಯ್ತು ಸಾರ್,
ಎಂದ.